ಬರಿಗಾಲಿನ ಮಳೆಗಾಲ

ತಿಕೋಟಾದ ನಮ್ಮ ಶಾಲೆಗೆ ಈ ವರ್ಷ ಆಟದ ಕೋಣೆಗೆಂದು ಹೊಸ ರಬ್ಬರ್ ಹಾಸುಗಳು ಬಂದವು. ಅವತ್ತು ಬೆಳಿಗ್ಗೆಯಿಂದಲೇ ಮಳೆ ಹಿಡಿದಿತ್ತು. ಸುರುಳಿ ಬಿಚ್ಚಿ ನೆಲಕ್ಕೆ ಹಾಸುತ್ತಿದ್ದಂತೆ ಗೋಡೆಯ ಹಸಿ ವಾಸನೆಯ ಜೊತೆ ರಬ್ಬರಿನ ವಾಸನೆ ಬೆರೆತು ಕೋಣೆ ತುಂಬಿಕೊಂಡಿತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಅಕ್ಕೋರ, ಚಪ್ಪಲಿ ಬಿಟ್ಟ ಬರೂಣೇನ್ರಿ, ಹಾಕ್ಕೊಂಡ ಬರೂಣೇನ್ರಿ?" ಎಂದು ಕೇಳಿದಳು. ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಕೆಲಸ. ಈ ಪ್ರಶ್ನೆಗೆ ಮಾತ್ರ "ಸ್ವಲ್ಪ ತಡಿ" ಎಂದು ಹೊರಗೆ ಬಂದು ಪಡಸಾಲೆಯಲ್ಲಿ ಮಳೆ ನೋಡುತ್ತ ನಿಂತುಬಿಟ್ಟೆ.

ಆ ವಾಸನೆ ಮಲ್ಲಪ್ಪ ಉಸ್ತಾದರ ಜಿಮ್ಮಿನದು. ವಿಜಯಪುರದ ಸ್ಟೇಶನ್ ರಸ್ತೆಯ ಹಿಂದಿನ ಓಣಿಯಲ್ಲಿ, ಒಂದು ಕಾಲಕ್ಕೆ ಎಣ್ಣೆ ಗಿರಣಿಯ ಗೋದಾಮಾಗಿದ್ದ ತಗಡಿನ ಕಟ್ಟಡದಲ್ಲಿ ಅದಿತ್ತು. ಈಗಲೂ ಇದೆ. ಒಂದು ಮಳೆಗಾಲ ನಾನು ಅಲ್ಲಿ ಬರಿಗಾಲಲ್ಲಿ ವ್ಯಾಯಾಮ ಮಾಡಿದೆ. ಹಾಗೆ ಮಾಡಿದ ಕೊನೆಯ ಮಳೆಗಾಲವೂ ಅದೇ.

ಕೊರೊನಾ ಕಳೆದು ಎರಡು ವರ್ಷವಾಗಿತ್ತು. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಮಾಡಿದ ಆ ದಿನಗಳು ನನ್ನ ಸೊಂಟಕ್ಕೆ ಬೊಜ್ಜು ಕೊಟ್ಟು, ಮೊಣಕಾಲಿನ ಬಲ ಕಿತ್ತುಕೊಂಡು ಹೋಗಿದ್ದವು. ವಿಜಯಪುರದಿಂದ ಶಾಲೆಗೆ ಹೋಗುವ ತಿಕೋಟಾ ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಡಕ್ಟರು, "ನಿಧಾನ ಬರ್ರಿ ಅಕ್ಕೋರ, ಬಸ್ ಎಲ್ಲಿ ಓಡಿ ಹೊಕ್ಕೈತಿ" ಅನ್ನುತ್ತಿದ್ದ. ಅವನ ಮರ್ಯಾದೆಯೇ ನನಗೆ ಚುಚ್ಚುತ್ತಿತ್ತು. ಡಾಕ್ಟರು ರಕ್ತದೊತ್ತಡ ನೋಡಿ, ಗುಳಿಗೆ ಬರೆದು, ಮೈ ಬಗ್ಗಿಸಿ ಏನಾದರೂ ಮಾಡಿ ಎಂದರು. ಜಿಮ್ಮಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದಾಗ ನನ್ನ ಅತ್ತೆ ಟಿವಿಯ ಧ್ವನಿ ತಗ್ಗಿಸಿ ನನ್ನನ್ನೇ ನೋಡಿದರು. ಜಿಮ್ಮೆಂದರೆ ಕನ್ನಡಿಯ ಮುಂದೆ ಅಂಗಿ ಬಿಚ್ಚಿ ನಿಂತ ಹುಡುಗರು ಎಂದು ಅವರು ತಿಳಿದಿದ್ದರು. ಅಲ್ಲಿ ಮಾರುತಿ ದೇವರಿದ್ದಾನೆ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ಸಂಜೆ ಬರೀ ಹೆಂಗಸರೇ, ಕಲಿಸುವವಳೂ ಉಸ್ತಾದರ ಮಗಳೇ ಎಂದೆ.

"ಚಪ್ಪಲಿ ಬಿಟ್ಟ ಹೋಗೂ ಜಾಗಾ ಅಂದ್ರ ಗುಡಿ ಇದ್ದಂಗ. ಹಂಗಾರ ಹೋಗು" ಎಂದರು ಅತ್ತೆ. ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಅಪ್ಪಣೆ ಸಿಕ್ಕಿದ್ದು ಇದೇ ಮಾತಿನ ಮೇಲೆ. ಬೂಟು ಹಾಕಿ ಬೀದಿಯಲ್ಲಿ ನಡೆಯುವ ಮುಜುಗರವೂ ನಮಗೆ ಇರಲಿಲ್ಲ. ಚೂಡಿದಾರ, ಎಣ್ಣೆ ಹಚ್ಚಿ ಬಿಗಿದ ಜಡೆ, ಕಾಲುಂಗುರ, ಕಾಲ್ಗೆಜ್ಜೆ, ಹಾಗೇ ಸೈಕಲ್ ತುಳಿಯುತ್ತಿದ್ದೆವು. ಮೊದಲ ದಿನ ಜಿಮ್ಮಿನೊಳಗೆ ಆ ಗೆಜ್ಜೆ ಸದ್ದು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಮಲ್ಲಪ್ಪ ಉಸ್ತಾದರು ಬಬಲೇಶ್ವರದ ಗರಡಿಯಲ್ಲಿ ಬೆಳೆದ ಪೈಲ್ವಾನರು. ಹರೆಯದಲ್ಲಿ ಸಾಂಗಲಿ, ಕೊಲ್ಹಾಪುರದವರೆಗೂ ಹೋಗಿ ಕುಸ್ತಿ ಹಿಡಿದವರು. ನಾನು ನೋಡುವ ಹೊತ್ತಿಗೆ ಅರವತ್ತರ ಹತ್ತಿರ ಬಂದಿದ್ದರು. ಹೊಟ್ಟೆ ಮುಂದೆ ಬಂದಿತ್ತು, ಕುಸ್ತಿಯಲ್ಲಿ ಜಜ್ಜಿ ಕಿವಿ ಮುದ್ದೆಯಾಗಿದ್ದವು, ಕುತ್ತಿಗೆ ಮಾತ್ರ ಹಾಗೇ ಗಟ್ಟಿ. ಶುಗರ್ ಇತ್ತು. ಗುಳಿಗೆಯನ್ನು ನೆನಪಾದ ದಿನ ನುಂಗುತ್ತಿದ್ದರು. ಕಬ್ಬಿನ ಹಾಲನ್ನು ಮಾತ್ರ ಎಂದೂ ಮರೆಯುತ್ತಿರಲಿಲ್ಲ. ಬಾಗಿಲ ಎದುರಿನ ಗೋಡೆಗೆ ದೊಡ್ಡ ಮಾರುತಿಯ ಪಟ, ಅದರ ಕೆಳಗೆ ಹಿತ್ತಾಳೆ ಪರಾತದಲ್ಲಿ ಬಬಲೇಶ್ವರದ ಗರಡಿಯ ಕೆಮ್ಮಣ್ಣು. ಎಣ್ಣೆ, ಅರಿಷಿಣ, ಮಜ್ಜಿಗೆ, ಲಿಂಬೆರಸ ಹಾಕಿ ಹದ ಮಾಡಿದ ಮಣ್ಣು. ಶ್ರಾವಣ ಬಂದರೆ ಅವರೇ ಹೋಗಿ, ಯಾರನ್ನೂ ಮಾತಾಡಿಸದೆ ಹೊಸ ಮಣ್ಣು ತರುತ್ತಿದ್ದರು. ನಾವು ಒಳಗೆ ಬಂದವರು ಮೊದಲು ಆ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು. ಯಾರಿಗಾದರೂ ಕೈ ತರಚಿದರೆ ಅದೇ ಮಣ್ಣು ಒಂದು ಚಿಟಿಕೆ. ಆಮೇಲೆ ಉಸ್ತಾದರ ಬೈಗುಳ ಒಂದಿಷ್ಟು. ಎರಡೂ ಸೇರಿದರೆ ಗಾಯ ಮಾಯುತ್ತದೆ ಎಂದು ಅವರೇ ಹೇಳುತ್ತಿದ್ದರು.

ಬಾಗಿಲ ಬಳಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಯಾರಾದರೂ ಹೊಸಬರು ಚಪ್ಪಲಿ ಮರೆತು ಒಳಗೆ ಕಾಲಿಟ್ಟರೆ ಆ ಕುರ್ಚಿಯಿಂದ ಒಂದು ಗುಡುಗು. ಉಳಿದಂತೆ ಬಹಳ ಮೃದು ಮನುಷ್ಯ. ಒಮ್ಮೆ ಸಣ್ಣ ಡಂಬೆಲ್ಲೊಂದು ಉರುಳಿ ಅವರ ಕಾಲ್ಬೆರಳುಗಳ ಮೇಲೆ ಬಿತ್ತು. ನಾವೆಲ್ಲ "ಯವ್ವಾ!" ಎಂದು ಕೂಗಿದೆವು. ಅವರು ಆಡುತ್ತಿದ್ದ ಮಾತನ್ನು ಕೂಡ ನಿಲ್ಲಿಸಲಿಲ್ಲ. ಆಮೇಲೆ ನಮ್ಮ ಮುಖ ನೋಡಿ, "ಪೈಲ್ವಾನನ ಕಾಲ್ರಿ ಇವು. ಮುಳ್ಳ ಚುಚ್ಚಿದ್ರ ಮುಳ್ಳ ಮುರಿಬೇಕು, ನಮಗ ಸುದ್ದೀನೂ ಮುಟ್ಟಾಂಗಿಲ್ಲ" ಎಂದು ನಕ್ಕರು. ನಾವು ಚಪ್ಪಾಳೆ ತಟ್ಟಿದೆವು. ಅಷ್ಟು ವರ್ಷ ಮಣ್ಣಿನಲ್ಲಿ ಹೊರಳಾಡಿದ ಮೈ, ಅದರಲ್ಲಿ ನೋವು ಎಲ್ಲಿಂದ ಬರಬೇಕು ಎಂದು ಅವರೂ ನಂಬಿದ್ದರು, ಊರೂ ನಂಬಿತ್ತು.

ಅವರ ಮಗಳು ರೇಣುಕಾ. ಸೊಲ್ಲಾಪುರದಲ್ಲಿ ಟ್ರೇನರ್ ಕೋರ್ಸು ಮುಗಿಸಿ ಬಂದವಳು. ತಾಯಿ ಇಲ್ಲ. ಅಪ್ಪನ ಕುತ್ತಿಗೆ, ಅಪ್ಪನ ಹಟ, ಎರಡನ್ನೂ ತೆಗೆದುಕೊಂಡು ಹುಟ್ಟಿದ್ದಳು. ಮಾತು ಕಡಿಮೆ, ಕೈ ಚುರುಕು. ನಮ್ಮ ಬೆನ್ನು ಡೊಂಕಾದರೆ ಒಂದು ಬೆರಳಿನಿಂದ ಒತ್ತಿ ಸರಿ ಮಾಡುತ್ತಿದ್ದಳು.

ಆ ವರ್ಷ ಮೃಗಶಿರ, ಆರಿದ್ರ ಮಳೆಗಳು ನಮ್ಮ ಕಡೆ ಎಂದಿನಂತೆ ಮೋಡ ತೋರಿಸಿ ಹೋದವು. ಶ್ರಾವಣ ಕಳೆದ ಮೇಲೆ ಹಿಡಿದ ಮಳೆ ಮಾತ್ರ ಬಿಡುವ ಮಾತೇ ಇಲ್ಲ. ಭೂತನಾಳ ಕೆರೆ ತುಂಬಿದೆ ಎಂದು ಜನ ಸ್ಕೂಟರಿನಲ್ಲಿ ನೋಡಲು ಹೋದರು. ಬಸ್ಸಿನ ಕಿಟಕಿಯಿಂದ ಕಾಣುವ ದ್ರಾಕ್ಷಿ ತೋಟಗಳಲ್ಲಿ ನೀರು ನಿಂತಿತ್ತು. ನಮ್ಮ ಜಿಮ್ಮಿನ ತಗಡು ಸೋರತೊಡಗಿತು. ಬೆಳಿಗ್ಗೆ ಗಂಡಸರು ಬೆವರು ಸುರಿಸಿ ಹೋದ ಹಾಸು ಸಂಜೆ ನಾವು ಬರುವ ಹೊತ್ತಿಗೂ ಹಸಿಯಾಗಿಯೇ ಇರುತ್ತಿತ್ತು. ಕಾಲಿಟ್ಟರೆ ಪಿಚಕ್ ಎನ್ನುತ್ತಿತ್ತು. ಕೊರೊನಾ ಕಾಲದಲ್ಲಿ ಗೋಡೆಗೆ ಸಿಕ್ಕಿಸಿದ ಸ್ಯಾನಿಟೈಸರ್ ಬಾಟಲಿ ಅಲ್ಲೇ ನೇತಾಡುತ್ತಿತ್ತು. ಅದರಲ್ಲಿ ಬರೀ ನೀರಿತ್ತು. ಎರಡು ವರ್ಷ ಕೈ ತೊಳೆದು ತೊಳೆದು ಚರ್ಮ ಸುಲಿಸಿಕೊಂಡ ಜನ ನಾವು. ಅಂಜಿಕೆ ಹೋದ ಮರುದಿನವೇ ಎಲ್ಲ ಮರೆತಿದ್ದೆವು.

ಮೊದಲು ನನ್ನ ಕಾಲ್ಬೆರಳ ಸಂದಿಯಲ್ಲಿ ತುರಿಕೆ ಶುರುವಾಯಿತು. ಕೆಸರುಹುಣ್ಣು ಎಂದು ಅತ್ತೆ ಬೇವಿನ ಎಲೆ ಅರೆದು ಹಚ್ಚಿದರು. ಜಿಮ್ಮಿಗೆ ಬಂದು ನೋಡಿದರೆ ಅರ್ಧ ಮಂದಿ ಕಾಲು ಕೆರೆಯುತ್ತಿದ್ದಾರೆ. ನಾವೆಲ್ಲ ಅತ್ತಿಗೆ ಎನ್ನುವ ಹಾಗೆ ವೈನಿ ಎಂದು ಕರೆಯುತ್ತಿದ್ದ ಸುಮಂಗಲಾ ವೈನಿಗೆ ತೋಳಿನ ಮೇಲೆ ಗಜಕರ್ಣದ ದುಂಡು ಕಲೆ ಎದ್ದಿತ್ತು. ವೈನಿಯ ಮನೆಯವರು ತಿಕೋಟಾದ ದ್ರಾಕ್ಷಿ ಬೆಳೆಗಾರರು. ಮಕ್ಕಳ ಓದಿಗೆಂದು ವಿಜಯಪುರದಲ್ಲಿ ಮನೆ ಮಾಡಿದ್ದರು. ಒಬ್ಬರಿಗೆ ಬಂದದ್ದು ಒಬ್ಬರ ಟವೆಲ್ಲಿನಿಂದ ಇನ್ನೊಬ್ಬರಿಗೆ, ಅಲ್ಲಿಂದ ಮನೆಯ ಮಕ್ಕಳಿಗೆ ಹೋಯಿತು. ರೇಣುಕಾ ಔಷಧದ ನೀರು ತುಂಬಿದ ಪಿಚಕಾರಿ ಬಾಟಲಿ ತಂದಳು. ಹತ್ತಿ ಬಟ್ಟೆ ತಂದಳು. ಬೆಂಚಿನಿಂದ ಒಬ್ಬರು ಎದ್ದ ಕೂಡಲೇ ಒರೆಸುವುದು, ಅವರವರ ಟವೆಲ್ ಅವರವರದು, ಜ್ವರ ಕೆಮ್ಮು ಇದ್ದವರು ಮನೆಯಲ್ಲಿರುವುದು, ಗಾಯವಿದ್ದರೆ ಪಟ್ಟಿ ಕಟ್ಟಿಕೊಂಡು ಬರುವುದು. ಇದನ್ನೆಲ್ಲ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ನಾವು ತಲೆ ಆಡಿಸಿದೆವು.

ತಲೆ ಆಡಿಸುವುದು ಸುಲಭ. ಮಾರನೆಯ ದಿನ ವೈನಿ ಬೆಂಚಿನಿಂದ ಎದ್ದರು, ರೇಣುಕಾ ಪಿಚಕಾರಿ ಹೊಡೆದು ಒರೆಸಿದಳು. ವೈನಿಯ ಮುಖ ಕೆಂಪಾಯಿತು.

"ಯಾಕ ರೇಣುಕಾ, ನಾ ಎದ್ದ ಕೂಡ್ಲೆ ಒರಸ್ತಿ? ನಾನೇನ ಮೈಲಿಗಿ ಅದೇನೇನ?"

ನಮ್ಮ ಕಡೆ ಒಬ್ಬರು ಕೂತ ಜಾಗವನ್ನು ಅವರೆದುರೇ ತೊಳೆದರೆ ಅದರ ಅರ್ಥ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ರೇಣುಕಾ ಬಟ್ಟೆ ಹಿಡಿದೇ ಹೇಳಿದಳು:

"ವೈನಿ, ನಿಮ್ಮ ದ್ರಾಕ್ಷಿ ಎಲಿ ಮ್ಯಾಗ ಒಂದ ಚಿಕ್ಕಿ ಬಿದ್ರ ಅವತ್ತ ಔಷಧ ಹೊಡಿತೀರಿ. ಎಲಿ ಮ್ಯಾಗ ನಿಮಗೇನ ಸಿಟ್ಟ ಇರತೈತೇನ್ರಿ?"

ವೈನಿ ನಕ್ಕುಬಿಟ್ಟರು. "ಭಾಳ ಶಾಣ್ಯಾ ಅದೀ ಬೇ ನೀ" ಎಂದು ಬಟ್ಟೆ ಕಸಿದುಕೊಂಡು ತಾವೇ ಒರೆಸಿದರು. ಅಂದಿನಿಂದ ಮನೆಯ ಹಳೆಯ ಹತ್ತಿ ಸೀರೆ ಹರಿದು, ಕುದಿಸಿ, ಒಣಗಿಸಿ ಒರೆಸುವ ಬಟ್ಟೆ ತರುವುದು ಅವರದೇ ಕೆಲಸವಾಯಿತು.

ಬೆಂಚು ಒರೆಸಬಹುದಿತ್ತು. ನೆಲದ ಹಾಸನ್ನು ಒಣಗಿಸಲು ಬಿಸಿಲು ಬೇಕು. ಅದು ಆ ತಿಂಗಳು ಯಾರ ಬಳಿಯೂ ಇರಲಿಲ್ಲ. ಒಂದು ಸಂಜೆ ರೇಣುಕಾ ಅಪ್ಪನ ಕುರ್ಚಿಯ ಮುಂದೆ ಹೋಗಿ ನಿಂತಳು.

"ಯಪ್ಪಾ, ಹಾಸು ಒಣಗವಲ್ವು. ಎಲ್ಲಾರ ಕಾಲೂ ಇದರ ಮ್ಯಾಗ. ಇಲ್ಲಿಗಂತ ಬ್ಯಾರೆ ಬೂಟ ತರ್ರಿ ಅಂತ ಹೇಳೂಣು."

"ಬೂಟಾ? ಯಾರ ಮುಂದ ಬೂಟ? ತಲಿ ಸರಿ ಐತಿಲ್ಲ ನಿಂದು?"

"ರೋಡಿನ್ಯಾಗ ಹಾಕ್ಕೊಂಡ ಅಡ್ಡಾಡಿದ್ದಲ್ಲ ಯಪ್ಪಾ. ತೊಳದದ್ದು. ಬರೇ ಒಳಗ ಹಾಕ್ಕೊಳ್ಳಾಕ."

"ಬೂಟ ಅಂದ್ರ ಬೂಟ. ಅದರಾಗ ಮಡಿ ಬೂಟ ಬ್ಯಾರೆ ಐತೇನ?"

ನಾನು ಟೀಚರು, ನನ್ನ ಮಾತಿಗೆ ಬೆಲೆ ಇದ್ದೀತು ಎಂದು ನಡುವೆ ಬಾಯಿ ಹಾಕಿದೆ. ಉಸ್ತಾದರು ಸಿಟ್ಟಾಗಲಿಲ್ಲ. ನನ್ನನ್ನು ಹತ್ತಿರ ಕರೆದು ಕೂಡಿಸಿಕೊಂಡು, ಮಗಳಿಗೂ ಕೇಳುವಂತೆ ಹೇಳಿದರು.

"ಅಕ್ಕೋರ, ಈಕಿ ಸಣ್ಣಾಕಿ ಇದ್ದಾಗ ನನ್ನ ಬೆನ್ನ ಹತ್ತಿ ಗರಡಿಗಿ ಬರತಿದ್ಲು. ಹೆಣ್ಣ ಕೂಸ ಹೊಸ್ತಲಾ ದಾಟಬಾರ್ದು ಅಂತ ಹಿರ್ಯಾರು ಹೊರಗ ನಿಂದ್ರಿಸತಿದ್ರು. ಬಾಗಲದಾಗ ನಿಂತ ನೋಡಿ ನೋಡೇ ಕಲತಾಳ. ಇಲ್ಲಿ ಜಿಮ್ಮ ಹಾಕಿದಾಗ ಈಕಿನ್ನ ಒಳಗ ತಂದೆ, ನಿಮ್ಮನ್ನೂ ತಂದೆ. ಬಬಲೇಶ್ವರದಾವ್ರು ನನ್ನ ಕೂಡ ಮಾತ ಬಿಟ್ಟಾರ. ಆವತ್ತ ಮಾರುತಿ ಮುಂದ ನಿಂತ ಅಂದೇನಿ, ದೇವ್ರ, ನಿಂದೊಂದ ಮಾತ ಮುರದೇನಿ, ನನ್ನ ಮಗಳ ಸಲುವಾಗಿ. ಇನ್ನೊಂದ ಮುರಿಯಾಂಗಿಲ್ಲ. ನಾ ಇರೂತನಕ ಕಾಲಾಗ ಚಪ್ಪಲಿ ಇದ್ದಾವ್ರು ನಿನ್ನ ಮುಂದ ಬರಾಂಗಿಲ್ಲ ಅಂತ."

ರೇಣುಕಾಗೆ ಈ ಆಣೆಯ ಸಂಗತಿ ಗೊತ್ತಿರಲಿಲ್ಲ. ಅವಳು ಅಪ್ಪನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಕೆಟ್ಟು ತೆಗೆದುಕೊಂಡು ಹೋಗಿ ನೆಲ ಒರೆಸತೊಡಗಿದಳು. ಅವತ್ತಿನಿಂದ ಬೂಟಿನ ಮಾತು ಎತ್ತಲಿಲ್ಲ. ಒರೆಸುವುದನ್ನು ಮಾತ್ರ ಇಮ್ಮಡಿ ಮಾಡಿದಳು. ನಾವು ಬರುವ ಮೊದಲು, ಹೋದ ಮೇಲೆ, ನಡುನಡುವೆ, ಬಗ್ಗಿ ಬಗ್ಗಿ ಒರೆಸುತ್ತಿದ್ದಳು. ತನ್ನನ್ನು ಒಳಗೆ ತಂದದ್ದಕ್ಕೆ ಅಪ್ಪ ಕಟ್ಟಿಕೊಂಡ ಕಟ್ಟು ಅದು, ಅದನ್ನು ಬಿಚ್ಚಲು ಅವಳಿಗೆ ಮನಸ್ಸು ಬರಲಿಲ್ಲ ಎಂದು ನನಗೆ ಅರ್ಥವಾಗುತ್ತಿತ್ತು.

ಹಸ್ತ ಮಳೆಯ ಹೊತ್ತಿಗೆ ನೆಲದ ಮೇಲೆ ಅಲ್ಲಲ್ಲಿ ಕೆಂಪು ಹೆಜ್ಜೆ ಕಾಣತೊಡಗಿದವು. ಪೂರ್ತಿ ಹೆಜ್ಜೆಯಲ್ಲ, ಹಿಮ್ಮಡಿಯ ಮುಂದಿನ ಒಂದು ಮಸುಕು ಗುರುತು. ಎಲ್ಲರೂ ಕೆಮ್ಮಣ್ಣು ಎಂದುಕೊಂಡೆವು. ಒದ್ದೆ ಕಾಲಲ್ಲಿ ಮಣ್ಣು ತುಳಿದಿರಬೇಕು ಎಂದುಕೊಂಡೆವು. ಉಸ್ತಾದರ ಕುರ್ಚಿಯ ಹತ್ತಿರ ಅವು ಜಾಸ್ತಿ ಇದ್ದವು. ಪರಾತವೂ ಅಲ್ಲಿಂದ ದೂರವಿರಲಿಲ್ಲ. ಆ ಹೊತ್ತಿಗಾಗಲೇ ಒಂದು ವಾಸನೆಯೂ ಇತ್ತು. ಊದಿನಕಡ್ಡಿ, ರಬ್ಬರು, ಒದ್ದೆ ಬಟ್ಟೆ, ಬೆವರು ಇವೆಲ್ಲದರ ನಡುವೆ ಅದನ್ನು ಬೇರೆ ಮಾಡಿ ಹಿಡಿಯುವ ಮೂಗು ನಮ್ಮ ಯಾರಿಗೂ ಇರಲಿಲ್ಲ.

ಜೋರು ಮಳೆಯ ಒಂದು ಸಂಜೆ ನಾನು ಮತ್ತು ಸುಮಂಗಲಾ ವೈನಿ ಇಬ್ಬರೇ ಬಂದಿದ್ದೆವು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ರೇಣುಕಾ ನೆಲ ಒರೆಸುತ್ತ ಅಪ್ಪನ ಕುರ್ಚಿಯ ಹತ್ತಿರ ಬಂದಳು.

"ಯಪ್ಪಾ, ಮಣ್ಣ ತುಳದ ಅಡ್ಡಾಡಬ್ಯಾಡಂತ ಎಷ್ಟ ಸರ್ತೆ ಹೇಳ್ಲಿ ನಿನಗ?"

"ಮಣ್ಣ ಎಲ್ಲಿ ತುಳದೇನಿ? ಹಿಮ್ಮಡಿ ಒಡದೈತಿ ಅಂತ ಮುಂಜಾನೆ ಒಂದ ಚೂರ ತುಂಬೇನಿ. ಅದ ಇರಬೇಕು."

ರೇಣುಕಾ ಒರೆಸಿದ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿದಳು. ಮಣ್ಣು ತಳಕ್ಕೆ ಇಳಿಯುತ್ತದೆ. ಇದು ನೀರಿನ ಮೇಲೆ ನೂಲಿನ ಹಾಗೆ ಹರಡಿತು. ಅವಳು ಬಟ್ಟೆ ಮೂಗಿನ ಹತ್ತಿರ ಹಿಡಿದಳು. ಆಮೇಲೆ ನೆಲದ ಮೇಲೆಯೇ ಕೂತು ಅಪ್ಪನ ಬಲಗಾಲನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಮೊಬೈಲಿನ ಬೆಳಕು ಹಿಡಿದೆ.

ಅಂಗಾಲಿಗೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಅವಳು ಒರೆಸಿದಂತೆ ಅದರ ಕೆಳಗೆ ಕಪ್ಪಾದ ಮಾಂಸ, ಅದರ ನಡುವೆ ಹೊಳೆಯುವ ಏನೋ ಒಂದು. ಯಂತ್ರದಿಂದ ಕಳಚಿ ಬಿದ್ದ ಬೋಲ್ಟು. ಅದರ ಚಪ್ಪಟೆ ತಲೆ ಮಾತ್ರ ಹೊರಗಿತ್ತು. ಉಳಿದದ್ದು ಒಳಗೆ. ಎಷ್ಟು ದಿನದಿಂದ ಅದನ್ನು ತುಳಿದುಕೊಂಡೇ ಅಡ್ಡಾಡುತ್ತಿದ್ದರೋ ದೇವರೇ ಬಲ್ಲ. ಸುಮಂಗಲಾ ವೈನಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ಹೊರಗೆ ಓಡಿದರು.

"ನೋವ ಇಲ್ಲಲೇ. ಸುಮ್ಮ ಯಾಕ ಹೆದರ್ತಿ?" ಎಂದರು ಉಸ್ತಾದರು.

"ನೋವ ಇಲ್ಲದ್ದಕ್ಕ ಹೆದರಿಕಿ ಆಗಾಕತ್ತೈತಿ ಯಪ್ಪಾ" ಎಂದಳು ರೇಣುಕಾ.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಕಡ್ಡಿಯಿಂದ ಅವರ ಎರಡೂ ಪಾದಗಳನ್ನು ಚುಚ್ಚುತ್ತ, ಗೊತ್ತಾಗುತ್ತದೆಯೇ ಎಂದು ಕೇಳುತ್ತ ಹೋದರು. ಉಸ್ತಾದರು ಎಲ್ಲದಕ್ಕೂ ಇಲ್ಲ ಎಂದರು. ಮೊದಮೊದಲು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. "ಕಾಲ ಗಟ್ಟಿ ಆಗಿದ್ದಲ್ರಿ ಇವು. ಶುಗರಿಲಿಂದ ನರಾ ಸತ್ತಾವ. ಎಂದೋ ಸತ್ತಾವ" ಎಂದರು ಡಾಕ್ಟರು. ಉಸ್ತಾದರು ಮಗಳ ಮುಖ ನೋಡಿದರು. ಊರೆಲ್ಲ ಹೊಗಳಿದ ಕಾಲು, ಅವರು ಎದೆ ಮುಟ್ಟಿ ಹೇಳಿಕೊಳ್ಳುತ್ತಿದ್ದ ಕಾಲು ಅದು. ಆ ಮಾತಿಗೆ ಅವರ ಭುಜ ಇಳಿದದ್ದನ್ನು ನಾನು ಕಂಡೆ. ಯಾವ ಕುಸ್ತಿಯಲ್ಲೂ ಅವರು ಹಾಗೆ ಬಿದ್ದಿರಲಾರರು.

ಮೊದಲು ನಂಜೇರಿದ ಬೆರಳುಗಳನ್ನು ತೆಗೆದರು. ನಂಜು ನಿಲ್ಲಲಿಲ್ಲ. ಮೊಣಕಾಲ ಕೆಳಗೆ ತೆಗೆಯುವುದೋ ಮೇಲೆಯೋ ಎಂದು ಡಾಕ್ಟರುಗಳು ಮಾತಾಡಿಕೊಳ್ಳುತ್ತಿದ್ದ ದಿನವೇ ಬಬಲೇಶ್ವರದ ಗರಡಿಯ ಹಿರಿಯರು ಜೀಪು ಮಾಡಿಕೊಂಡು ಬಂದರು. ವರ್ಷಗಟ್ಟಲೆ ಮಾತು ಬಿಟ್ಟವರು ಮಳೆಯಲ್ಲಿ ತೊಯ್ದುಕೊಂಡು ಬಂದು ಮಂಚದ ಸುತ್ತ ನಿಂತರು. ಉಸ್ತಾದರು ಎದ್ದು ಕೂರಲು ನೋಡಿದರು. ಅವರಲ್ಲಿ ಹಿರಿಯರೊಬ್ಬರು ಚೀಲದೊಳಗಿಂದ ಬಿಳಿ ಬಟ್ಟೆಯ ಗಂಟು ತೆಗೆದರು.

"ಮಲ್ಲಪ್ಪಾ, ಆದದ್ದ ಆಗಿ ಹೋತು. ನಿನಗಂತ ಮಣ್ಣ ತಂದೇವಿ. ಮಾರುತಿ ಮುಂದ ಇಟ್ಟ ತಂದೇವಿ. ಕಾಲಿಗಿ ಹಚ್ಕೊ."

ಉಸ್ತಾದರ ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷ ಅವರು ಕಾದದ್ದು ಇದಕ್ಕೇ ಎಂದು ಯಾರಿಗಾದರೂ ತಿಳಿಯುವಂತಿತ್ತು. ಕೈ ಚಾಚಿದರು. ರೇಣುಕಾ ನಡುವೆ ಬಂದು ನಿಂತಳು.

"ಅದನ್ನ ಹೊರಗ ಇಡ್ರಿ ಕಾಕಾ."

"ಏನವಾ ಹಂಗಂದ್ರ? ನಮ್ಮ ಮಣ್ಣ ವಿಷ ಏನ?"

"ಹಣಿಗೆ ಹಚ್ಚಿದ್ರ ಮಣ್ಣರಿ. ಈ ಗಾಯಕ್ಕ ವಿಷಾನ."

ಹಿರಿಯರು ಗಂಟನ್ನು ಚೀಲಕ್ಕೆ ಹಾಕಿಕೊಂಡರು. ಕೋಪವೇನೂ ಮಾಡಲಿಲ್ಲ, ಆದರೆ ಹೆಚ್ಚು ಹೊತ್ತು ಕೂರಲೂ ಇಲ್ಲ. ಅವರು ಹೋದ ಮೇಲೆ ಉಸ್ತಾದರು ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿಬಿಟ್ಟರು. ಮರುದಿನ ಮೊಣಕಾಲ ಕೆಳಗೆ ಕಾಲು ತೆಗೆದರು.

ದೀಪಾವಳಿ ಕಳೆದ ಮೇಲೆ ರೇಣುಕಾ ಜಿಮ್ಮಿನ ಬಾಗಿಲು ತೆರೆದಳು. ತಗಡು ದುರಸ್ತಿ ಮಾಡಿಸಿದ್ದಳು, ಹಳೆಯ ಹಾಸು ಕಿತ್ತು ಬಿಸಾಡಿ ಹೊಸದು ಹಾಕಿದ್ದಳು, ಯಂತ್ರಗಳ ಒಂದೊಂದು ಬೋಲ್ಟನ್ನೂ ಬಿಗಿ ಮಾಡಿಸಿದ್ದಳು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದಳು, ಬರಿಗಾಲಿನವರಿಗೆ ಪ್ರವೇಶ ಇಲ್ಲ, ಒಳಗಿಗೆಂದೇ ಇಟ್ಟ ಸ್ವಚ್ಛ ಬೂಟು ಕಡ್ಡಾಯ. ಮಾರುತಿಯ ಪಟ ಅಲ್ಲೇ ಇತ್ತು. ಅದನ್ನು ಮನೆಗೆ ಒಯ್ಯಿ, ಬಟ್ಟೆ ಮುಚ್ಚು ಎಂದು ಹತ್ತು ಮಂದಿ ಹತ್ತು ಬುದ್ಧಿ ಹೇಳಿದರು. ಅವಳು ಯಾವುದನ್ನೂ ಕೇಳಲಿಲ್ಲ. "ಅಂವಾ ಇಲ್ಲೇ ಇರ್ಲಿ. ಅಂವಗೂ ಗೊತ್ತಾಗ್ಲಿ ಯಾಕ ಅಂತ" ಎಂದಳು. ಪರಾತ ಮಾತ್ರ ಎತ್ತಿ ಇಟ್ಟಿದ್ದಳು.

ಬೆಳಗಿನ ಗಂಡಸರಲ್ಲಿ ಬಹಳ ಮಂದಿ ಬೇರೆ ಜಿಮ್ಮಿಗೆ ಹೋದರು. ಓಣಿಯಲ್ಲಿ ಮಾತುಗಳು ಹುಟ್ಟಿದವು. ಅಪ್ಪ ಆಸ್ಪತ್ರೆ ಸೇರಿದ ಕೂಡಲೇ ಅಪ್ಪನ ಆಣೆ ಮುರಿದಳು, ಹೆಣ್ಣನ್ನು ಒಳಗೆ ಬಿಟ್ಟದ್ದರ ಫಲ ಇದು ಎಂದೂ ಅಂದರು. ನಮ್ಮ ಅತ್ತೆ, "ಮಾರುತಿ ಮುಂದ ಬೂಟ ಹಾಕ್ಕೊಂಡ ನಿಂದ್ರತೀ? ಬ್ಯಾಡ, ಬಿಡು ಇನ್ನ" ಎಂದರು. ನಾನು ಬಿಡಲಿಲ್ಲ. ಗಾಂಧಿ ಚೌಕಿನಲ್ಲಿ ಬಿಳಿಯ ಕ್ಯಾನ್ವಾಸ್ ಬೂಟು ಕೊಂಡು ಚೀಲದಲ್ಲಿ ಹಾಕಿಕೊಂಡು ಹೋದೆ. ಹೊಸ್ತಿಲ ಮೇಲೆ ಕೂತು ಅದನ್ನು ಕಾಲಿಗೆ ಏರಿಸುವಾಗ ಮಾರುತಿಯ ಕ‌ಡೆ ನೋಡಲಾಗಲಿಲ್ಲ. ಒಳಗೆ ಹೆಜ್ಜೆ ಇಟ್ಟೆ. ಏನೂ ಆಗಲಿಲ್ಲ. ನಮ್ಮ ಕಾಲಿನ ತುರಿಕೆಗಳು ಒಂದೊಂದಾಗಿ ಹೋದವು. ಕಾಲುಚೀಲದೊಳಗೆ ಸಿಕ್ಕಿ ಗೆಜ್ಜೆಯ ಸದ್ದೂ ಹೋಯಿತು. ವೈನಿ ಬೆಂಚು ಒರೆಸುತ್ತಿದ್ದರು. ಮೊದಲಿನ ಹಾಗೆ ನಗುತ್ತಿದ್ದವರು ಯಾರೂ ಇರಲಿಲ್ಲ.

ಸಂಕ್ರಾಂತಿಯ ಹಿಂದೆಮುಂದೆ ಒಂದು ಸಂಜೆ ಓಣಿಯಲ್ಲಿ ಆಟೋ ನಿಂತಿತು. ಉಸ್ತಾದರು ಇಳಿದರು. ಬಗಲಲ್ಲಿ ಊರುಗೋಲು, ಬಲಗಡೆ ಧೋತರದ ಅಂಚು ಖಾಲಿ ಜೋಲುತ್ತಿತ್ತು. ಎಡಗಾಲಿಗೆ ಡಾಕ್ಟರು ಬರೆದುಕೊಟ್ಟ ಮೆತ್ತನೆಯ ಚಪ್ಪಲಿ. ಸೊರಗಿಹೋಗಿದ್ದರು, ಆ ಕುತ್ತಿಗೆಯೂ ಇಳಿದಿತ್ತು. ನಾವೆಲ್ಲ ಕೆಲಸ ಬಿಟ್ಟು ನಿಂತೆವು. ಹೊಸ್ತಿಲಿನ ಹತ್ತಿರ ಬಂದು, ಗೋಡೆಗೆ ಭುಜ ಕೊಟ್ಟು, ಒಂದೇ ಕಾಲಿನ ಮೇಲೆ ತೂಗಿಕೊಂಡು ಅವರು ಆ ಚಪ್ಪಲಿಯನ್ನು ಕಳಚಿದರು. ನೋಡುವುದು ಕಷ್ಟವಾಗಿತ್ತು.

ರೇಣುಕಾ ಬಾಗಿಲಿಗೆ ಬಂದಳು.

"ಚಪ್ಪಲಿ ಹಾಕ್ಕೊ ಯಪ್ಪಾ."

"ಒಂದ ಗಳಗಿ. ಕೈ ಮುಗದ ಬರತೇನಿ."

"ಹಾಕ್ಕೊಂಡ ಬಾ."

"ಹಾಕ್ಕೊಂಡ ಬರಾಂಗಿಲ್ಲ. ನಿನಗ ಗೊತ್ತೈತಿ."

"ಬರಿಗಾಲಿಲೆ ನಾ ಬಿಡಾಂಗಿಲ್ಲ. ಅದೂ ನಿನಗ ಗೊತ್ತೈತಿ. ಉಳದದ್ದ ಒಂದ ಕಾಲು. ಅದಕ್ಕೂ ನೋವು ಗೊತ್ತಾಗಾಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ."

ಒಳಗೆ ನೆಲ ಒಣಗಿತ್ತು, ಕನ್ನಡಿಯ ಹಾಗೆ ಒರೆಸಿತ್ತು. ನಾಲ್ಕು ಹೆಜ್ಜೆಗೆ ಏನಾದೀತು, ಬಿಡಬಾರದೇ ಇವಳು ಎಂದು ನನಗೆ ಅನಿಸಿತು. ಸಿಟ್ಟು ಕೂಡ ಬಂತು. ಉಸ್ತಾದರು ಬಾಗಿಲ ಮೇಲಿನ ಅಕ್ಷರಗಳನ್ನು ನೋಡಿದರು, ನಮ್ಮೆಲ್ಲರ ಬೂಟುಗಳನ್ನು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು:

"ಊರೆಲ್ಲಾ ನಿನ್ನ ಹೊರಗ ನಿಂದ್ರಿಸಿತ್ತು. ನಾ ಕೈ ಹಿಡದ ಒಳಗ ತಂದೆ. ಇವತ್ತ ನೀ ನನ್ನ ಹೊರಗ ನಿಂದ್ರಿಸ್ತಿ."

"ಹೂಂ ಯಪ್ಪಾ" ಎಂದಳು ರೇಣುಕಾ. ಬಾಗಿಲಿಗೆ ಅಡ್ಡ ಚಾಚಿದ ಅವಳ ಕೈ ಇಳಿಯಲಿಲ್ಲ.

ಅವರು ಹೊರಗಿನಿಂದಲೇ ಕೈ ಮುಗಿದರು. ರೇಣುಕಾ ಬಗ್ಗಿ ಅವರ ಪಾದಕ್ಕೆ ಚಪ್ಪಲಿ ತೊಡಿಸಿದಳು. ಅವರು ಬೇಡವೆನ್ನಲಿಲ್ಲ. ಆಟೋ ತಿರುಗಿ ಹೋಯಿತು. ಅವಳು ಒಳಗೆ ಬಂದು, ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ನಮಗೆಲ್ಲ ಕೇಳುತ್ತಿತ್ತು. ಅವಳು ಮಾಡಿದ್ದು ಸರಿ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವತ್ತು ಮಾತ್ರ ಅದನ್ನು ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ.

ಉಸ್ತಾದರು ಮತ್ತೆ ಜಿಮ್ಮಿನ ಕಡೆ ಬಂದಿಲ್ಲ. ಮಗಳ ಜೊತೆ ಮಾತನ್ನೂ ಆಡಿಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ಅವಳು ಬಡಿಸಿದ್ದನ್ನು ಅವರು ಉಣ್ಣುತ್ತಾರೆ. ಕೆಲವು ಭಾನುವಾರ ಬೆಳಿಗ್ಗೆ ನಾನು ಹೋಗುತ್ತೇನೆ. ಆ ಹೊತ್ತಿಗೆ ರೇಣುಕಾ ಉಗುರುಬೆಚ್ಚನೆಯ ನೀರು ತಂದು ನೆಲದ ಮೇಲೆ ಕೂತು ಅಪ್ಪನ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತಾಳೆ. ತೊಳೆದು, ಬೆರಳ ಸಂದುಗಳನ್ನು ಬಿಡಿಸಿ ಒರೆಸಿ, ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡುತ್ತಾಳೆ. ಆಮೇಲೆ ಒಂದೊಂದು ಬೆರಳನ್ನೂ ಒತ್ತಿ ಕೇಳುತ್ತಾಳೆ, "ಇಲ್ಲಿ ಗೊತ್ತಾಗತೈತೇನ ಯಪ್ಪಾ? ಇಲ್ಲಿ?"

ಅವರು ಗೋಡೆಯ ಕಡೆ ನೋಡುತ್ತ ಕೂತಿರುತ್ತಾರೆ. ಕಾಲಿಗೆ ಗೊತ್ತಾಗುವುದಿಲ್ಲವೋ, ಗೊತ್ತಾಗಿಯೂ ಅಪ್ಪ ಮಾತಾಡುವುದಿಲ್ಲವೋ, ಅವಳಿಗೆ ತಿಳಿಯುವುದಿಲ್ಲ. ಸ್ವಲ್ಪ ಹೊತ್ತು ಕಾಯುತ್ತಾಳೆ, ಆಮೇಲೆ ಕಾಲುಚೀಲ ಹಾಕಿ ಏಳುತ್ತಾಳೆ.